ಸೆಕೆಯ ಊರಿಗೆ ಸೋಪು, ಟವಲ್ಲು, ಇತ್ಯಾದಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನವಳು. ತಂಗಿಯನ್ನು ಕುಂದಾಪುರದ ಕಡೆ ಕೊಟ್ಟ ಮೇಲೆ ವರ್ಷಕ್ಕೆ ಎರಡು ಮೂರು ಸಲ ಘಟ್ಟ ಇಳಿಯುತ್ತೇನೆ. ಒಮ್ಮೆ ಮೇ ತಿಂಗಳ ಸೆಕೆಯಲ್ಲಿ, ಒಮ್ಮೆ ಜೋರು ಮಳೆಯಲ್ಲಿ. ಮೊದಮೊದಲು ಚೀಲದ ತುಂಬ ಸಾಮಾನು ಒಯ್ದು, ಅರ್ಧಕ್ಕರ್ಧ ಬೂಷ್ಟು ಹಿಡಿಸಿಕೊಂಡು ವಾಪಸ್ ತಂದಿದ್ದೇನೆ. ಈಗ ಗೋಕರ್ಣಕ್ಕೋ ಉಡುಪಿಗೋ ಕೇರಳಕ್ಕೋ ಹೊರಟ ಪರಿಚಯದವರೆಲ್ಲ ಅದದೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಮೈಸೂರು, ಬೆಂಗಳೂರಲ್ಲೂ ಬೇಸಿಗೆ ಇದೆಯಲ್ಲ. ಕರಾವಳಿಗೆ ಹೋಗುವಾಗ ಮಾತ್ರ ಬೇರೆ ತಯಾರಿ ಯಾಕೆ?

ಇಲ್ಲಿ ಬೆವರು ಒಣಗುತ್ತದೆ, ಅಲ್ಲಿ ಒಣಗುವುದಿಲ್ಲ. ಅಷ್ಟೇ ವ್ಯತ್ಯಾಸ. ಆದರೆ ಎಲ್ಲ ತೊಂದರೆಯೂ ಅಲ್ಲಿಂದಲೇ ಶುರು.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಬೇಸಿಗೆಯ ಗಾಳಿ ಒಣ. ಒದ್ದೆ ಟವಲ್ ಹರವಿದರೆ ಮಧ್ಯಾಹ್ನದೊಳಗೆ ಗರಿಗರಿ. ಮಂಗಳೂರಿನಲ್ಲಿ ಥರ್ಮಾಮೀಟರು ಹೆಚ್ಚುಕಮ್ಮಿ ಅಷ್ಟೇ ತೋರಿಸಿದರೂ ಗಾಳಿ ಆಗಲೇ ನೀರು ಕುಡಿದು ಕೂತಿರುತ್ತದೆ. ನಿಮ್ಮ ಮೈಮೇಲಿನ ಬೆವರನ್ನು, ಹಗ್ಗದ ಮೇಲಿನ ಬನಿಯನ್ನನ್ನು ಅದು ಒಣಗಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಕೇಳುವುದೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಬೆಂಕಿಪೊಟ್ಟಣವೂ ಮೆತ್ತಗಾಗಿರುತ್ತದೆ.

ಹಾಗಾಗಿ ಚೀಲಕ್ಕೆ ಏನೇ ಹಾಕುವಾಗಲೂ ನಾನು ಕೇಳಿಕೊಳ್ಳುವುದು ಒಂದೇ: ಇದು ಬೆಳಗಾಗುವಷ್ಟರಲ್ಲಿ ಒಣಗುತ್ತಾ? ಇಲ್ಲ ಅಂದರೆ ಮನೆಯಲ್ಲೇ ಇರಲಿ.

ಸೋಪು ಎರಡೇ ದಿನಕ್ಕೆ ಲೋಳೆ ಆಗಿಬಿಡುತ್ತೆ. ಏನು ಮಾಡೋದು?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸೋಪಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಜತೆಗೆ ನಾವು ಸ್ನಾನ ಮುಗಿಸಿ, ಸೋಪನ್ನು ಒದ್ದೆಯಾಗಿಯೇ ಡಬ್ಬಿಗೆ ಹಾಕಿ, ಟಪ್ ಅಂತ ಮುಚ್ಚಿ ಚೀಲಕ್ಕೆ ತುರುಕುತ್ತೇವೆ. ಅದು ಇನ್ನೇನಾಗಬೇಕು?

ಮೊದಲು ಸೋಪಿನ ಆಯ್ಕೆ. ಪೊಟ್ಟಣದ ಹಿಂದೆ ಟಿಎಫ್ಎಂ ಅಂತ ಒಂದು ಅಂಕಿ ಇರುತ್ತದೆ. ಸೋಪಿನಲ್ಲಿ ಕೊಬ್ಬಿನ ಅಂಶ ಶೇಕಡಾ ಎಷ್ಟಿದೆ ಅನ್ನುವ ಲೆಕ್ಕ ಅದು. 76 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗ್ರೇಡ್ 1, 70 ದಾಟಿದರೆ ಗ್ರೇಡ್ 2, 60 ದಾಟಿದರೆ ಗ್ರೇಡ್ 3. ‘ಬೇದಿಂಗ್ ಬಾರ್’ ಅಂತ ಬರೆದಿದ್ದರೆ ಅದಕ್ಕಿಂತಲೂ ಕಡಿಮೆ ಇರಬಹುದು. ಗ್ರೇಡ್ 1 ಸೋಪು ಗಟ್ಟಿ, ನಿಧಾನಕ್ಕೆ ಸವೆಯುತ್ತದೆ. ಆಚೆ ಬದಿ ಕಾಣುವಂಥ ಪಾರದರ್ಶಕ ಗ್ಲಿಸರಿನ್ ಸೋಪು ಚಳಿಗಾಲದ ಮೈಸೂರಿಗೆ ಸರಿ, ಜುಲೈನ ಉಡುಪಿಗೆ ಅಲ್ಲ. ನಾನು ಒಯ್ಯುವುದು ಮೈಸೂರು ಸ್ಯಾಂಡಲ್. ಊರಿನ ಅಭಿಮಾನ ಅಂತ ನೀವು ನಗಬಹುದು. ನಗುವ ಮೊದಲು ಪೊಟ್ಟಣ ನೋಡಿ, ಗ್ರೇಡ್ 1 ಅಂತಲೇ ಬರೆದಿದೆ. (ತಯಾರಾಗುವುದು ಬೆಂಗಳೂರಿನಲ್ಲಿ ಅನ್ನುವುದು ಬೇರೆ ಮಾತು.)

ಆಮೇಲೆ ಕತ್ತರಿಸುವುದು. ಹೊರಡುವ ಎರಡು ಮೂರು ದಿನ ಮೊದಲೇ ಹೊಸ ಸೋಪನ್ನು ಪೊಟ್ಟಣದಿಂದ ತೆಗೆದು, ಚಾಕುವಿನಿಂದ ಮೂರು ತುಂಡು ಮಾಡಿ, ಫ್ಯಾನಿನ ಕೆಳಗೆ ಪೇಪರ್ ಮೇಲೆ ಹರಡಿಡಿ. ಇನ್ನಷ್ಟು ಗಟ್ಟಿಯಾಗುತ್ತದೆ. ಒಂದು ತುಂಡು ಬಳಕೆಗೆ, ಉಳಿದವು ನ್ಯೂಸ್‌ಪೇಪರಿನಲ್ಲಿ ಸುತ್ತಿ ಒಳಗೆ. ಒಂದು ಹಾಳಾದರೂ ಪೂರ್ತಿ ಸೋಪು ಹೋಗಲಿಲ್ಲ ಅಲ್ವಾ.

ಕೊನೆಗೆ ಡಬ್ಬಿ. ಪ್ಲಾಸ್ಟಿಕ್ ಸೋಪು ಡಬ್ಬಿಯ ಒಳಗೆ ಅಡ್ಡಡ್ಡಲಾಗಿ ಎರಡು ರಬ್ಬರ್ ಬ್ಯಾಂಡ್ ಹಾಕಿ, ಸೋಪು ಅದರ ಮೇಲೆ ಕೂರಲಿ. ಕೆಳಗೆ ನೀರು ಇಳಿದರೂ ಸೋಪಿಗೆ ತಾಗುವುದಿಲ್ಲ. ಉಳಿದುಕೊಂಡ ಜಾಗದಲ್ಲಿ ಡಬ್ಬಿ ಮುಚ್ಚಲೇಬೇಡಿ, ಕಿಟಕಿ ಕಟ್ಟೆಯ ಮೇಲೆ ತೆರೆದಿಡಿ. ಹೊರಡುವ ದಿನ ಬೆಳಿಗ್ಗೆ ಹೋಟೆಲಿನವರು ಕೊಟ್ಟ ಸೋಪಿನಲ್ಲಿ ಸ್ನಾನ ಮಾಡಿ, ನಿಮ್ಮದು ಒಣಗಿಯೇ ಇರುತ್ತದೆ. ಈ ಒಂದು ಉಪಾಯ ತಿಳಿಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ಬಾಡಿವಾಶ್ ಒಯ್ದರೆ ಈ ಗೋಳೇ ಇರಲ್ವಲ್ಲ?

ಇರಲ್ಲ, ಬೇರೆ ಗೋಳು ಇರುತ್ತದೆ. ಮುಚ್ಚಳ ಸಡಿಲವಾದರೆ ಸೀರೆಗೆಲ್ಲ ಸ್ನಾನ. ಒಯ್ಯುವುದಾದರೆ ಬಾಟಲಿಯ ಬಾಯಿಗೆ ಒಂದು ತುಂಡು ಪ್ಲಾಸ್ಟಿಕ್ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ. ಮೇಲಿನವರೆಗೆ ತುಂಬಬೇಡಿ. ಬಿಸಿಗೆ ಹಿಗ್ಗಿ ಹೊರಗೆ ಉಕ್ಕುತ್ತದೆ. ಅದರ ಜತೆಗೆ ಒಂದು ಜಾಲರಿ ಉಂಡೆ ಬೇಕಾಗುತ್ತದೆ, ಅದು ಒಣಗುವುದಿಲ್ಲ. ಹೀರೇಕಾಯಿ ನಾರಿಗೂ ಇದೇ ಮಾತು. ಮನೆಯಲ್ಲಿ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಪ್ರಯಾಣದಲ್ಲಿ ಮೂರನೇ ದಿನಕ್ಕೆ ವಾಸನೆ. ಬರಿಗೈಯಲ್ಲೇ ಉಜ್ಜಿಕೊಳ್ಳಿ.

ಕೀಟಾಣು ಕೊಲ್ಲುವ ಸೋಪೇ ಬೇಕಾ?

ಬೇಡ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ ಕೀಟಾಣು ಕೊಲ್ಲಲೆಂದು ಹಾಕುವ 19 ರಾಸಾಯನಿಕಗಳನ್ನು ಮನೆಬಳಕೆಯ ಸೋಪುಗಳಿಂದ ತೆಗೆಸಿತು. ಮಾಮೂಲಿ ಸೋಪು, ನೀರಿಗಿಂತ ಇವು ಹೆಚ್ಚು ಕೆಲಸ ಮಾಡುತ್ತವೆ ಅಂತ ಕಂಪನಿಗಳು ತೋರಿಸಿಕೊಡಲಿಲ್ಲ. ಸೋಪಿನ ಕೆಲಸ ಜಿಡ್ಡನ್ನು, ಅದರ ಜತೆ ಕೊಳೆಯನ್ನು ಎಬ್ಬಿಸಿ ನೀರಿಗೆ ಕೊಡುವುದು. ಯಾವ ಸೋಪಾದರೂ ಅದನ್ನು ಮಾಡುತ್ತದೆ.

ಸ್ಯಾನಿಟೈಸರ್ ಇದ್ದರೆ ಕೈ ತೊಳೆಯೋಕೆ ಸೋಪು ಬೇಕಿಲ್ಲ ತಾನೆ?

ಬೇಕು. ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಕನಿಷ್ಠ ಶೇಕಡಾ 60 ಇರಬೇಕು, ಕೈ ಒಣಗಿರಬೇಕು, ಜಿಡ್ಡು ಇರಬಾರದು. ಗೋಳಿಬಜೆ ತಿಂದ ಕೈಗೆ ಅದನ್ನು ಹಚ್ಚಿದರೆ ಎಣ್ಣೆಯನ್ನೇ ಸಮನಾಗಿ ಹರಡಿದ ಹಾಗೆ. ವಾಂತಿ ಭೇದಿ ತರುವ ನೊರೋವೈರಸ್ ಅದಕ್ಕೆ ಅಷ್ಟಾಗಿ ಬಗ್ಗುವುದೂ ಇಲ್ಲ. ಬಸ್ಸಿನಲ್ಲಿ, ರೈಲಿನಲ್ಲಿ ನೀರು ಸಿಗದ ಹೊತ್ತಿಗೆ ಅಂತ ಸಣ್ಣದೊಂದು ಇರಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ, ಅದು ಉರಿಯುವ ವಸ್ತು.

ಪೇಪರ್ ಸೋಪ್ ಹೇಗೆ?

ಐಡಿಯಾ ಚೆನ್ನಾಗಿದೆ, ಕರಾವಳಿಯಲ್ಲಿ ಕೈಕೊಡುತ್ತದೆ. ಒದ್ದೆ ಕೈಯಲ್ಲಿ ಒಮ್ಮೆ ಡಬ್ಬಿ ತೆರೆದರೆ ಇಪ್ಪತ್ತು ಹಾಳೆಯೂ ಸೇರಿ ಒಂದೇ ಹಾಳೆ. ಒಯ್ದರೆ ಐದೈದು ಹಾಳೆ ಬೇರೆ ಬೇರೆ ಪುಟ್ಟ ಕವರಿಗೆ ಹಾಕಿ, ನಲ್ಲಿ ತಿರುಗಿಸುವ ಮೊದಲೇ ಒಂದನ್ನು ತೆಗೆದಿಟ್ಟುಕೊಳ್ಳಿ. ನಾನಂತೂ ಸವೆದ ಸೋಪಿನ ಚೂರುಗಳನ್ನು ಒಣಗಿಸಿ ಹಳೇ ಫಿಲ್ಮ್ ಡಬ್ಬಿಯಲ್ಲಿ ಒಯ್ಯುತ್ತೇನೆ. ಒಂದು ಸಲಕ್ಕೆ ಒಂದು ಚೂರು, ದುಡ್ಡಿಲ್ಲದ ಪೇಪರ್ ಸೋಪ್.

ಸಮುದ್ರದ ಹತ್ತಿರದ ಮನೆಯಲ್ಲಿ ಸೋಪಿಗೆ ನೊರೆಯೇ ಬರಲಿಲ್ಲ. ಸೋಪು ನಕಲಿಯಾ?

ನೀರು ಉಪ್ಪು. ಹಿನ್ನೀರಿನ ಪಕ್ಕದ ಬಾವಿಗಳಲ್ಲಿ ಬೇಸಿಗೆಗೆ ಸಿಹಿನೀರು ಇಳಿದು ಉಪ್ಪಿನಂಶ ಏರುತ್ತದೆ. ಉಪ್ಪುನೀರಿನಲ್ಲಿ, ಗಡಸು ನೀರಿನಲ್ಲಿ ಸೋಪು ಕರಗುವ ಬದಲು ಬಿಳಿ ಕೆನೆಯಂತೆ ಮೈಗೇ ಅಂಟುತ್ತದೆ. ಶಾಂಪೂ ಬೇರೆ ಜಾತಿಯದು, ಉಪ್ಪುನೀರಿನಲ್ಲೂ ಅಷ್ಟೋ ಇಷ್ಟೋ ನೊರೆ ಕೊಡುತ್ತದೆ. ಅಂಥ ಕಡೆ ಮೈಗೂ ಶಾಂಪೂವನ್ನೇ ಹಚ್ಚಿ ತೊಳೆದುಕೊಳ್ಳಿ, ಕೊನೆಗೆ ಒಂದು ತಂಬಿಗೆ ಸಿಹಿನೀರು ಸಿಕ್ಕರೆ ಮೈಗೆ ಸುರಿದುಕೊಳ್ಳಿ. ಸಮುದ್ರದಲ್ಲಿ ಆಡಿ ಬಂದ ಮೇಲಂತೂ ಮೊದಲು ಬರೀ ನೀರು, ಆಮೇಲೆ ಸೋಪು. ಉಪ್ಪು ಮೈಮೇಲಿದ್ದರೆ ತೊಡೆಸಂದಿಯೆಲ್ಲ ಉಜ್ಜಿ ಉರಿ ಬರುತ್ತದೆ.

ಎಂಥಾ ಟವಲ್ ತಗೊಂಡು ಹೋಗಲಿ?

ಮೊದಲ ಸಲ ತಂಗಿ ಮನೆಗೆ ಹೋದಾಗ ದಪ್ಪನೆಯ ಟರ್ಕಿ ಟವಲ್ ಒಯ್ದಿದ್ದೆ, ಮದುವೆಗೆ ಉಡುಗೊರೆ ಬಂದದ್ದು. ಅವಳ ಅತ್ತೆ ಅದನ್ನು ಎತ್ತಿ ನೋಡಿ, ‘ಇದೆಂತ, ಕಂಬಳಿ ತಂದದ್ದಾ?’ ಅಂದರು. ಮೂರು ದಿನ ಹಗ್ಗದ ಮೇಲಿದ್ದರೂ ಅದು ಒಣಗಲಿಲ್ಲ. ನಾಲ್ಕನೇ ದಿನ ಅದರಲ್ಲಿ ಮುಖ ಒರೆಸಿಕೊಂಡಾಗ ನಾಯಿ ಮೈ ನೆಂದ ವಾಸನೆ. ಅತ್ತೆ ಏನೂ ಹೇಳದೆ ಒಂದು ಬೈರಾಸ ತಂದುಕೊಟ್ಟರು.

ಬೈರಾಸ ಅಂದರೆ ಕರಾವಳಿಯವರ ತೆಳು ಹತ್ತಿ ಟವಲ್. ಹೆಗಲಿಗೆ, ತಲೆಗೆ, ಸೊಂಟಕ್ಕೆ, ಸ್ನಾನಕ್ಕೆ, ಎಲ್ಲಕ್ಕೂ ಅದೇ. ಕೇರಳದವರ ತೋರ್ತು ಕೂಡ ಇದೇ ಬಗೆ. ಹಿಂಡಿ ಫ್ಯಾನಿನ ಕೆಳಗೆ ಹರವಿದರೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ. ಮಡಚಿದರೆ ಅಂಗೈಯಷ್ಟು. ಮೈಕ್ರೋಫೈಬರ್ ಅಂತ ದುಬಾರಿ ಟ್ರಾವೆಲ್ ಟವಲ್ ಬರುತ್ತದೆ, ಅದೂ ಬೇಗ ಒಣಗುತ್ತದೆ ನಿಜ. ಆದರೆ ಮೈಗೆ ಅಂಟಿಕೊಂಡ ಹಾಗೆ ಆಗುತ್ತದೆ, ನನಗೆ ಹಿಡಿಸಲಿಲ್ಲ. ಎರಡು ತೆಳು ಟವಲ್ ಒಯ್ಯಿರಿ, ದಿನ ಬಿಟ್ಟು ದಿನ ಬಳಸಿ. ಮನೆಯವರೆಲ್ಲ ಒಂದೇ ಟವಲ್ ಹಂಚಿಕೊಳ್ಳುವುದು ಮಾತ್ರ ಬೇಡ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಬಟ್ಟೆ ಒಣಗದೇ ಇದ್ದರೆ?

ಒಳ ಉಡುಪು ಅರ್ಧ ಒಣಗಿದ್ದನ್ನು ಹಾಕಿಕೊಳ್ಳಬೇಡಿ, ಇದೊಂದು ಪಟ್ಟು ಹಿಡಿಯಿರಿ. ದಿನಕ್ಕೆ ಎರಡರ ಲೆಕ್ಕದಲ್ಲಿ ಮೂರು ದಿನಕ್ಕಾಗುವಷ್ಟು ಹತ್ತಿಯವು ಒಯ್ದು, ಪ್ರತಿ ರಾತ್ರಿ ಒಗೆದು ಹಾಕಿ. ಬಟ್ಟೆ ಸೋಪಿನ ಪುಡಿ ಗಂಟು ಕಟ್ಟುತ್ತದೆ, ಬಾರ್ ಸೋಪಿನ ತುಂಡೇ ಸುಲಭ. ಹಿಂಡಿದ ಬಟ್ಟೆಯನ್ನು ಒಣ ಟವಲ್‌ನಲ್ಲಿ ಸುರುಳಿ ಸುತ್ತಿ, ಮೇಲೆ ನಿಂತು ತುಳಿಯಿರಿ. ಅರ್ಧ ನೀರು ಅಲ್ಲೇ ಹೋಗುತ್ತದೆ. ಒಂದು ನೈಲಾನ್ ಹಗ್ಗ, ಆರು ಕ್ಲಿಪ್ ಚೀಲದಲ್ಲಿರಲಿ. ಮಲೆನಾಡಿನ ಹಳೇ ಮನೆಯಲ್ಲಿ ಉಳಿದುಕೊಂಡರೆ ನಿಮ್ಮ ಪುಣ್ಯ. ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿರುತ್ತಾರೆ, ಎಂಥ ಮಳೆಗೂ ಬಟ್ಟೆ ಒಣಗುತ್ತದೆ. ಹೊಗೆ ವಾಸನೆ ಉಚಿತ.

ಬೆವರುಸಾಲೆಗೆ ಪೌಡರ್ ಒಯ್ಯಲೇಬೇಕಾ?

ಬೆವರಿನ ರಂಧ್ರ ಕಟ್ಟಿಕೊಂಡು ಬೆವರು ಒಳಗೇ ಉಳಿದಾಗ ಬೆವರುಸಾಲೆ ಏಳುತ್ತದೆ. ಇದಕ್ಕೆ ಮೊದಲ ಔಷಧಿ ತಣ್ಣೀರು, ಗಾಳಿ, ಸಡಿಲ ಬಟ್ಟೆ. ಪೌಡರ್ ಹಾಕುವುದಾದರೆ ಮೈ ಚೆನ್ನಾಗಿ ಒರೆಸಿ, ಎರಡು ನಿಮಿಷ ಫ್ಯಾನಿನ ಕೆಳಗೆ ನಿಂತು, ತೆಳ್ಳಗೆ ಹಾಕಿ. ಬೆವರಿನ ಮೇಲೆ ಸುರಿದರೆ ಸಂದಿಗಳಲ್ಲಿ ಹಿಟ್ಟು ಕಲಸಿದ ಹಾಗೆ ಆಗಿ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಮಕ್ಕಳ ಮುಖದ ಹತ್ತಿರ ಡಬ್ಬಿ ಕೊಡವಬೇಡಿ, ಪುಡಿ ಉಸಿರಿಗೆ ಹೋಗುತ್ತದೆ. ಕ್ಯಾಲಮೈನ್ ಲೋಷನ್ ಒಂದು ಸಣ್ಣ ಬಾಟಲಿ ಇದ್ದರೆ ತುರಿಕೆಗೆ ಆಗುತ್ತದೆ. ಎಣ್ಣೆ, ಗಟ್ಟಿ ಕ್ರೀಮು ಬೇಡ. ಸ್ನಾನಕ್ಕೆ ಮೊದಲು ಕೊಬ್ಬರಿ ಎಣ್ಣೆ ಹಚ್ಚುವವರು ಸೋಪು ಹಾಕಿ ಪೂರ್ತಿ ತೊಳೆದುಕೊಳ್ಳಿ.

ಸ್ನಾನ ದಿನಕ್ಕೆ ಎರಡು ಸಲ ಸಾಕು. ಸೋಪು ಎರಡೂ ಸಲ ಮೈಯೆಲ್ಲ ಬೇಕಿಲ್ಲ. ಸಂಜೆ ಕಂಕುಳು, ತೊಡೆಸಂದಿ, ಪಾದಕ್ಕೆ ಹಾಕಿದರೆ ಆಯಿತು.

ತೊಡೆಸಂದಿಯಲ್ಲಿ ಉಂಗುರದ ಹಾಗೆ ಕೆಂಪಾಗಿ ತುರಿಸುತ್ತಿದೆ. ಯಾವ ಕ್ರೀಮ್ ಒಯ್ಯಲಿ?

ಅದು ಹುಳುಕಡ್ಡಿ ಇರಬಹುದು. ಹೆಸರಲ್ಲಿ ಹುಳು ಇದ್ದರೂ ಅದು ಹುಳುವಲ್ಲ, ಬೂಷ್ಟಿನ ಜಾತಿಯ ಫಂಗಸ್. ಬಿಸಿ, ತೇವ ಎರಡೂ ಇರುವ ಜಾಗವೇ ಅದಕ್ಕೆ ಇಷ್ಟ. ಒಬ್ಬರ ಟವಲ್‌ನಿಂದ, ಬಟ್ಟೆಯಿಂದ ಇನ್ನೊಬ್ಬರಿಗೆ ಹತ್ತುತ್ತದೆ. ಟವಲ್ ಹಂಚಿಕೊಳ್ಳಬೇಡಿ ಅಂದದ್ದು ಇದಕ್ಕೇ.

ಇಲ್ಲಿ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಅಂದರೆ ಮೂರು ನಾಲ್ಕು ಔಷಧಿ ಸೇರಿಸಿದ ಕ್ರೀಮ್ ಕೈಗೆ ಬರುವುದುಂಟು. ಅದರಲ್ಲಿ ಕ್ಲೋಬೆಟಸಾಲ್, ಬೆಟಾಮೆಥಸೋನ್‌ನಂಥ ಸ್ಟಿರಾಯ್ಡ್ ಇರುತ್ತದೆ. ಎರಡೇ ದಿನದಲ್ಲಿ ತುರಿಕೆ ಮಾಯ, ಕೆಂಪು ಮಾಯ. ಫಂಗಸ್ ಮಾತ್ರ ಆರಾಮಾಗಿ ಹರಡುತ್ತಿರುತ್ತದೆ. ಕ್ರೀಮ್ ನಿಲ್ಲಿಸಿದ ಮೇಲೆ ಎರಡರಷ್ಟಾಗಿ ಬರುತ್ತದೆ, ಚರ್ಮ ತೆಳುವಾಗಿ ಗೀರು ಬೀಳುತ್ತದೆ. ನನ್ನ ಹತ್ತಿರದವರೊಬ್ಬರು ಹೀಗೆ ಒಂದು ವರ್ಷ ಒದ್ದಾಡಿದರು. ಪ್ರಯಾಣಕ್ಕೆ ಅಂತ ಒಯ್ಯುವುದಾದರೆ ಬರೀ ಕ್ಲೋಟ್ರಿಮಜೋಲ್ ಇರುವ ಕ್ರೀಮ್ ಒಯ್ಯಿರಿ. ಟ್ಯೂಬಿನ ಮೇಲೆ ಬೇರೆ ಔಷಧಿಯ ಹೆಸರೂ ಇದ್ದರೆ ವಾಪಸ್ ಕೊಡಿ. ಆಗಲೇ ಹತ್ತಿದ್ದರೆ ಹೊರಡುವ ಮೊದಲೇ ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಹಚ್ಚಿ. ಕಲೆ ಹೋಯಿತು ಅಂತ ನಡುವೆ ಬಿಡಬೇಡಿ.

ಕಾಲ್ಬೆರಳ ಸಂದಿಯದೂ ಇದೇ ಕಥೆ. ಸ್ನಾನದ ಮೇಲೆ ಪ್ರತಿ ಸಂದಿಗೂ ಟವಲ್ ಹಾಕಿ ಒರೆಸಿ. ಮಳೆಗಾಲದಲ್ಲಿ ಶೂ ಬೇಡ, ರಬ್ಬರ್ ಚಪ್ಪಲಿ ಸಾಕು.

ಮುಟ್ಟಿನ ದಿನಗಳು ನಡುವೆ ಬಂದರೆ?

ನಿಮಗೆ ರೂಢಿಯಿರುವ ಪ್ಯಾಡ್ ಅನ್ನೇ ಊರಿಂದ ಒಯ್ಯಿರಿ. ಸಣ್ಣ ಊರುಗಳಲ್ಲಿ ಪ್ಯಾಡ್ ಸಿಗುತ್ತದೆ, ಬೇಕಾದ ಸೈಜು ಸಿಗುವ ಖಾತ್ರಿಯಿಲ್ಲ. ಸೆಕೆಯಲ್ಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು, ಹಾಗಾಗಿ ಮಾಮೂಲಿಗಿಂತ ಜಾಸ್ತಿ ಬೇಕಾಗುತ್ತದೆ. ಜಿಪ್ ಕವರಿನಲ್ಲಿಡಿ, ತೇವ ಎಳೆದುಕೊಂಡ ಪ್ಯಾಡ್‌ನ ಅಂಟು ನಿಲ್ಲುವುದಿಲ್ಲ.

ಬಟ್ಟೆ ಪ್ಯಾಡ್ ಬಳಸುವವರು ಬೇಸಿಗೆಯಲ್ಲಿ ಧೈರ್ಯವಾಗಿ ಒಯ್ಯಬಹುದು, ಬಿಸಿಲಿಗೆ ಹಾಕಲು ಜಾಗವಿದ್ದರೆ. ಮಳೆಗಾಲಕ್ಕೆ ಬೇಡ. ಒಣಗದ ಬಟ್ಟೆ ಮತ್ತೆ ಬಳಸಿದರೆ ಸೋಂಕು. ನಾಚಿಕೆಗೆ ಬೇರೆ ಬಟ್ಟೆಯ ಕೆಳಗೆ ಮುಚ್ಚಿ ಒಣಗಿಸುವುದಂತೂ ಕೂಡದು. ಮುಟ್ಟಿನ ಕಪ್ ಬಳಸುವವರಿಗೆ ಇಂಥ ಊರಿನಲ್ಲಿ ಎಲ್ಲಕ್ಕಿಂತ ಆರಾಮ. ಹೆಚ್ಚಿನ ಕಂಪನಿಗಳು 8ರಿಂದ 12 ಗಂಟೆ ಇಟ್ಟುಕೊಳ್ಳಬಹುದು ಅನ್ನುತ್ತವೆ. ಮುಟ್ಟು ಶುರುವಾಗುವ ಮೊದಲು, ಮುಗಿದ ಮೇಲೆ ಕುದಿಸಿ. ಗಾಳಿಯಾಡುವ ಹತ್ತಿ ಚೀಲದಲ್ಲಿಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಲ್ಲ. ಆದರೆ ಮೊದಲ ಸಲ ಕಲಿಯುವುದನ್ನು ಪ್ರವಾಸದಲ್ಲಿ ಇಟ್ಟುಕೊಳ್ಳಬೇಡಿ.

ಬಳಸಿದ ಪ್ಯಾಡ್ ಸುತ್ತಲು ಹಳೇ ಪೇಪರ್ ಒಯ್ಯಿರಿ. ರೈಲಿನ ಬಯೋ ಟಾಯ್ಲೆಟ್‌ಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ, ಆಮೇಲೆ ಇಡೀ ಬೋಗಿಗೆ ಶಿಕ್ಷೆ.

ಸೋಪು ಬಿಟ್ಟು ಸೀಗೆಕಾಯಿ, ಕಡಲೆಹಿಟ್ಟು ಒಯ್ಯಬಹುದಾ?

ಎರಡು ದಿನಕ್ಕಾದರೆ ಸರಿ. ಪುಡಿ ತೇವ ಎಳೆದು ಗಂಟಾಗುತ್ತದೆ, ಕಡಲೆಹಿಟ್ಟಿಗೆ ಹುಳು ಬೇಗ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಣ ಚಮಚ ಬೇಕು. ನಿಜ ಹೇಳಬೇಕೆಂದರೆ ಆ ಕಡೆ ಹೋಗಿ ಪುಡಿ ಯಾಕೆ? ತಂಗಿಯ ಮನೆಯಲ್ಲಿ ತಲೆಗೆ ಹಿತ್ತಲಿನ ದಾಸವಾಳದ ಸೊಪ್ಪನ್ನೇ ಕಿವುಚಿ ಲೋಳೆ ತೆಗೆದು ಹಚ್ಚುತ್ತಾರೆ. ಎಣ್ಣೆಯೆಲ್ಲ ಹೋಗಿ ಕೂದಲು ನುಣುಪಾಗುತ್ತದೆ.

ನದಿಯಲ್ಲಿ, ಕಲ್ಯಾಣಿಯಲ್ಲಿ ಸೋಪು ಹಾಕಿ ಸ್ನಾನ ಮಾಡಬಹುದಾ?

ಬೇಡ. ಕುಮಾರಧಾರಾ, ನೇತ್ರಾವತಿಯ ಸ್ನಾನಘಟ್ಟದಲ್ಲಿ ಮುಳುಗೆದ್ದು ಬನ್ನಿ, ಸೋಪು ರೂಮಿನ ಬಚ್ಚಲಿನಲ್ಲಿ. 2025ರಲ್ಲಿ ರಾಜ್ಯದ ಅರಣ್ಯ, ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಅಂತ ಅಧಿಕಾರಿಗಳಿಗೆ ಸೂಚನೆ ಕೊಟ್ಟಿದ್ದರು. ನೊರೆಯ ಜತೆಗೆ ಹರಿದ ಶಾಂಪೂ ಪೊಟ್ಟಣಗಳ ರಾಶಿಯೂ ಮೀನಿರುವ ನೀರಿಗೇ ಹೋಗುತ್ತದೆ.

ಮಳೆಗಾಲದಲ್ಲಿ ಕಾಡು, ತೋಟ ಸುತ್ತುವವರಿಗೆ ಬೇರೆ ಏನಾದರೂ ಬೇಕಾ?

ಇಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಒಂದು ಪೊಟ್ಟಣ ಉಪ್ಪು ಅಥವಾ ಸುಣ್ಣ. ಕಚ್ಚಿದರೆ ಗಾಬರಿ ಬೇಡ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ರಕ್ತ ತುಸು ಹೊತ್ತು ಸೋರುತ್ತದೆ. ಸೋಪು ನೀರಿನಲ್ಲಿ ತೊಳೆದು ಒಣ ಬಟ್ಟೆ ಒತ್ತಿ ಹಿಡಿಯಿರಿ.

ಇಂಬಳಕ್ಕಿಂತ ನಾನು ಹೆದರುವುದು ಇಲಿಜ್ವರಕ್ಕೆ. ಇಲಿಯ ಮೂತ್ರ ಬೆರೆತ ಕೆಸರು, ನಿಂತ ನೀರಿನಿಂದ ಗಾಯದ ಮೂಲಕ ಒಳಗೆ ಹೋಗುತ್ತದೆ. ಕಾಲಿನಲ್ಲಿ ಗಾಯ ಇದ್ದರೆ ನೀರು ತಾಗದ ಪಟ್ಟಿ ಹಾಕಿ. ಮನೆಗೆ ಬಂದ ಕೂಡಲೇ ಮೊಣಕಾಲಿನವರೆಗೆ ಸೋಪು ಹಾಕಿ ತೊಳೆಯಿರಿ. ಊರಿಗೆ ಮರಳಿದ ಮೇಲೆ ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ‘ಕರಾವಳಿಗೆ ಹೋಗಿದ್ದೆ, ಕೆಸರಲ್ಲಿ ನಡೆದಿದ್ದೆ’ ಅಂತ ಮೊದಲೇ ಹೇಳಿ. ಸೊಳ್ಳೆ ಕ್ರೀಮೂ ಇರಲಿ. ಸನ್‌ಸ್ಕ್ರೀನ್ ಹಚ್ಚುವವರು ಅದನ್ನು ಮೊದಲು ಹಚ್ಚಿ, ಒಣಗಿದ ಮೇಲೆ ಸೊಳ್ಳೆ ಕ್ರೀಮ್.

ವಿಮಾನದಲ್ಲಿ ಹೋಗುವುದಾದರೆ?

ವಿದೇಶಕ್ಕಾದರೆ ಕೈಚೀಲದಲ್ಲಿ ದ್ರವದ ಬಾಟಲಿ 100 ಎಂಎಲ್ ಮೀರಬಾರದು, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಕವರಿನಲ್ಲಿ. ಟೂತ್‌ಪೇಸ್ಟ್, ಜೆಲ್, ಕ್ರೀಮ್ ಕೂಡ ದ್ರವದ ಲೆಕ್ಕವೇ. ಬಾರ್ ಸೋಪಿಗೆ ಈ ಮಿತಿಯಿಲ್ಲ. ಸಿಂಗಪುರ, ಬ್ಯಾಂಕಾಕ್, ಬಾಲಿ, ಎಲ್ಲಿಗೆ ಹೋದರೂ ಸೆಕೆ ಮಂಗಳೂರಿನದೇ, ಮೇಲಿನ ಮಾತೆಲ್ಲ ಅಲ್ಲಿಗೂ ಸಲ್ಲುತ್ತದೆ.

ಮನೆಗೆ ಬಂದ ಮೇಲೆ ಚೀಲ ಏನು ಮಾಡಬೇಕು?

ಅಟ್ಟಕ್ಕೆ ಎಸೆಯಬೇಡಿ. ಎಲ್ಲ ಖಾಲಿ ಮಾಡಿ, ಒಳಮಗ್ಗಲು ಹೊರಗೆ ತಿರುಗಿಸಿ, ಒಂದಿಡೀ ದಿನ ಬಿಸಿಲಿಗೆ ಹಾಕಿ. ಟೂತ್‌ಬ್ರಶ್ಶಿನ ಟೋಪಿ ತೆಗೆದು ಬಿಸಾಕಿ, ಅದರೊಳಗೆ ಕಪ್ಪು ಕಟ್ಟಿರುತ್ತದೆ. ಸೋಪು ಡಬ್ಬಿ ತೊಳೆದು ಬಾಯಿ ತೆರೆದೇ ಇಡಿ. ನನ್ನ ಬೈರಾಸವನ್ನು ಮಾತ್ರ ಯಾರೂ ಒಳಗೆ ಎತ್ತಿಡುವುದಿಲ್ಲ. ನಮ್ಮ ಮನೆಯವರು ಈಗ ಅದರಲ್ಲೇ ದಿನಾ ಮೈ ಒರೆಸಿಕೊಳ್ಳುತ್ತಾರೆ, ಟರ್ಕಿ ಟವಲ್ ನಾಯಿಯ ಹಾಸಿಗೆಯಾಗಿದೆ.